ಗುಂಡು ತಿಂದ ಅಂಗಿ

ಹೊಲಿಗೆ ಅಂಗಡಿಯ ಅಕ್ಕನ ತಮ್ಮನೆಂದರೆ ಮೂರು ಜಿಲ್ಲೆ ಗಡಗಡ ನಡುಗುತ್ತಿತ್ತು. ಬಂಡುಕೋರ ಪಡೆಯ ದೊಡ್ಡ ದಳಪತಿ ಅವನು. ಸೇತುವೆ ಹಾರಿಸಿದವನು, ಠಾಣೆ ಸುಟ್ಟವನು, ಎದುರಾಡಿದವರನ್ನು ಮಣ್ಣು ಮಾಡಿದವನು. ಹಾಗೆ ಮಣ್ಣಾದವರ ಮನೆಯ ಹೆಂಗಸರು ಅಕ್ಕನ ಅಂಗಡಿಗೆ ಬಟ್ಟೆ ಕೊಡುವುದನ್ನು ನಿಲ್ಲಿಸಿದ್ದರು. ಯಾಕೆಂದು ಅವಳೂ ಕೇಳಿರಲಿಲ್ಲ. ಅವಳಿಗೆ ಮಾತ್ರ ಅವನಿನ್ನೂ ಮರಿ. ಶಾಲೆಗೆ ಲಸಿಕೆಯವರು ಬಂದಾಗ ಬೆಂಚಿನಡಿ ನುಗ್ಗಿ ಮೇಷ್ಟರ ಕಾಲು ಕಚ್ಚಿದ ಶೂರ. ಊರಿಗೆ ಹುಲಿ, ಸೂಜಿಗೆ ಇಲಿ.

ಸರ್ಕಾರ ಅವನ ತಲೆಗೆ ಬೆಲೆ ಕಟ್ಟಿತ್ತು. ಒಂದು ತುಕ್ಕು ಮೊಳೆಗೆ ಆ ಸುದ್ದಿ ಮುಟ್ಟಿರಲಿಲ್ಲ. ಅದು ಬಿಟ್ಟಿಯಾಗಿಯೇ ಅವನ ಹಿಮ್ಮಡಿ ಹೊಕ್ಕಿತು. ಕುಂಟುತ್ತಾ ಬಂದವನು ಅಂಗಡಿಯ ಹಿಂದಿನ ಕೋಣೆಯಲ್ಲಿ ಬಟ್ಟೆಯ ಥಾನುಗಳ ನಡುವೆ ಮಲಗಿದ. ಅಕ್ಕ ಗುಟ್ಟಾಗಿ ಕಂಪೌಂಡರನನ್ನು ಕರೆತಂದಳು. ಕಂಪೌಂಡರ್ ಸೂಜಿ ತೆಗೆದ, ದಳಪತಿ ಪಿಸ್ತೂಲು ತೆಗೆದ. ಹೆಂಡತಿ ಮಕ್ಕಳಿದ್ದ ಕಂಪೌಂಡರ್ ಬಂದ ದಾರಿ ಹಿಡಿದ.

"ಒಂದೇ ಒಂದು ಸೂಜಿ ಕಣೋ ಮರಿ, ಇರುವೆ ಕಚ್ಚಿದ ಹಾಗೆ," ಎಂದು ಅಕ್ಕ ಗೋಗರೆದಳು.

"ಕ್ರಾಂತಿ ಮಾಡೋನಿಗೆ ಇದೆಲ್ಲ ಯಾಕಕ್ಕ? ಬಿಸಿನೀರಲ್ಲಿ ತೊಳಿ, ಸಾಕು."

ವಾರ ಕಳೆಯುವಷ್ಟರಲ್ಲಿ ಧನುರ್ವಾಯು ದವಡೆ ಬಿಗಿಯಿತು. ಭಾಷಣಕ್ಕೆ ತೆರೆದರೆ ಮುಚ್ಚಲೊಲ್ಲದ ಬಾಯಿ ಗುಟುಕು ನೀರಿಗೂ ತೆರೆಯಲಿಲ್ಲ. ಮೈ ಬಿಲ್ಲಿನಂತೆ ಬಾಗಿ, ಅಕ್ಕನ ತೊಡೆಯ ಮೇಲೆಯೇ ಪ್ರಾಣ ಬಿಟ್ಟ.

ಅವನನ್ನು ಅವ್ವನ ಪಕ್ಕ ಮಲಗಿಸಬೇಕು, ಅವಳಿಗಿದ್ದದ್ದು ಅದೊಂದೇ ಆಸೆ. ಸಾಯುವಾಗ ಅವ್ವ ಕೇಳಿಕೊಂಡದ್ದೂ ಅದನ್ನೇ. ಆದರೆ ಅಷ್ಟರಲ್ಲಿ ದಳಪತಿಯ ಬಲಗೈ ಬಂಟ ಬಂದ. ಅಳಬೇಕಾದಷ್ಟು ಅತ್ತು, ಮೂಗು ಒರೆಸಿಕೊಂಡು ವ್ಯವಹಾರಕ್ಕಿಳಿದ. ಮೊಳೆ ಚುಚ್ಚಿ ಸತ್ತನೆಂದರೆ ಪಡೆಯ ಮಾನ ಮೂರು ಕಾಸಿಗೆ ಹರಾಜು. ಅದಕ್ಕೇ ಹೆಣವನ್ನು ಗುಡ್ಡಕ್ಕೆ ಒಯ್ದು, ಎದೆಗೆ ನಾಲ್ಕು ಗುಂಡು ಹೊಡೆದು, ಹುತಾತ್ಮನನ್ನಾಗಿ ಮಾಡಿ ಅಲ್ಲೇ ಸಮಾಧಿ ಕಟ್ಟುವುದೆಂದು ತೀರ್ಮಾನವಾಗಿದೆ ಎಂದ.

ಅಕ್ಕ ಹೆಣಕ್ಕೆ ಅಡ್ಡ ಕೂತಳು.

"ನಿಮಗೆ ಬೇಕಾಗಿರೋದು ತೂತು ತಾನೇನಪ್ಪ? ಅವನ ಅಂಗಿ ತಗೊಂಡ್ಹೋಗಿ, ಎಷ್ಟು ಬೇಕೋ ಅಷ್ಟು ಹೊಡ್ಕೊಳ್ಳಿ. ಅವನ ಮೈ ಮುಟ್ಟಿದ್ರೆ ಬೀದೀಲಿ ನಿಂತು ಮೊಳೆ ಕಥೆ ಹೇಳ್ತೀನಿ."

ಬಂಟ ಗಡ್ಡ ಕೆರೆದುಕೊಂಡ. ಅಂಗಿ ಕೊಳೆಯುವುದಿಲ್ಲ, ನಾರುವುದಿಲ್ಲ, ಹೊಸ ದಳಪತಿಗೆ ಎದುರು ಮಾತಾಡುವುದೂ ಇಲ್ಲ. ಒಪ್ಪಿದ. ಷರತ್ತು ಒಂದೇ: ಅಕ್ಕ ಹೂಳುವ ಕಡೆ ಹೆಸರಿನ ಕಲ್ಲು ನೆಡಕೂಡದು. ಹೆಸರು ಇನ್ನು ಮೇಲೆ ಅಂಗಿಯದು.

ಸರ್ಕಾರವೂ ಧಾರಾಳವಾಗಿ ಕೈಜೋಡಿಸಿತು. ಭೀಕರ ಕಾಳಗದಲ್ಲಿ ತಾನೇ ಕೊಂದದ್ದೆಂದು ಸಾರಿ, ಅಂದು ರಜೆಯಲ್ಲಿದ್ದ ಅಧಿಕಾರಿಯೊಬ್ಬನಿಗೆ ಪದಕ ಘೋಷಿಸಿತು. ಇಪ್ಪತ್ತು ವರ್ಷ ಒಂದು ಮಾತಿಗೂ ಒಪ್ಪದವರು ಈ ಸುಳ್ಳಿಗೆ ಅಣ್ಣತಮ್ಮಂದಿರಂತೆ ಒಪ್ಪಿದರು. ಸತ್ತದ್ದು ಎಲ್ಲರ ಕಣ್ಣಿಗೂ ಬೀಳಲೆಂದು ಸರ್ಕಾರ ಮೆರವಣಿಗೆಗೂ ಅಡ್ಡಿ ಮಾಡಲಿಲ್ಲ.

ಮರುದಿನವೇ ಕಲ್ಲು ತುಂಬಿದ ಪೆಟ್ಟಿಗೆಯ ಮೇಲೆ ತೂತುಬಿದ್ದ ಅಂಗಿ ಹೊರಟಿತು. ಊರಿಗೆ ಊರೇ ಹಿಂದೆ ಬಿತ್ತು. ಆ ನಡುಮಧ್ಯಾಹ್ನ ಸ್ಮಶಾನದಲ್ಲಿ ಇದ್ದವರು ಅಕ್ಕ, ಅವಳ ಗಂಡ, ಗುಂಡಿ ತೋಡುವವ. ಮೂವರೂ ಸೇರಿ ಮರಿಯನ್ನು ಅವ್ವನ ಪಕ್ಕಕ್ಕೆ ಇಳಿಸಿದರು.

ಯಾರೋ ದೂರದ ನೆಂಟನ ಹೆಣವೆಂದು ನಂಬಿದ್ದ ಗುಂಡಿ ತೋಡುವವ ರಸ್ತೆಯ ಕಡೆಗೇ ನೋಡುತ್ತಿದ್ದ.

"ಬೇಗ ಮುಗಿಸೋಣಮ್ಮ. ನಾನೂ ದಳಪತಿಗಳನ್ನ ಕೊನೇ ಸಲ ನೋಡಬೇಕು."

"ನೀನು ಹೋಗಪ್ಪ," ಎಂದು ಅಕ್ಕ ಅವನ ಕೈಯಿಂದ ಸಲಿಕೆ ತೆಗೆದುಕೊಂಡಳು. "ಇವನಿಗೆ ನಾವಿದ್ದೀವಿ."