ಘಾಟು ಉಳಿದ ಮೂಗು

ಕೊಳ್ಳೇಗಾಲದ ನಮ್ಮ ಬೀದಿಯಲ್ಲಿ ಒಂದು ಕಾಲಕ್ಕೆ ನನಗಿಂತ ನನ್ನ ಮೂಗಿಗೇ ಮರ್ಯಾದೆ ಹೆಚ್ಚು. ಅಕ್ಕಿ ಡಬ್ಬಿ ತೆರೆದಾಗ ಅನುಮಾನ ಬಂದವರು, ಬೇಳೆ ಹಳೆಯದೋ ಹೊಸದೋ ತಿಳಿಯದವರು, ಒಂದು ಹಿಡಿ ಮುಷ್ಟಿಯಲ್ಲಿ ಹಿಡಿದುಕೊಂಡು ನಮ್ಮ ಬಾಗಿಲಿಗೆ ಬರುತ್ತಿದ್ದರು. ನಾನು ಮೂಸಿ ತೀರ್ಪು ಕೊಡುತ್ತಿದ್ದೆ. ಕರೆಯದೆಯೂ ಕೊಡುತ್ತಿದ್ದೆ ಅನ್ನಿ. ಮಿಲ್ಲಿನಲ್ಲಿ ಪುಡಿ ಮಾಡಿಸಲು ಸರದಿ ನಿಂತಾಗ ಮುಂದಿನವರ ಚೀಲದಿಂದ ಮುಗ್ಗಲು ವಾಸನೆ ಬಂದರೆ ನನಗೆ ಬಾಯಿ ಮುಚ್ಚಿಕೊಂಡು ಇರಲು ಆಗುತ್ತಿರಲಿಲ್ಲ. "ಇವರ್ದು ಮುಗ್ಗೋಗದೆ ಕಣ್ರಿ, ಇದಾದ್ಮೇಲೆ ನಮ್ದು ಆಕ್ಬೇಡಿ" ಎಂದು ಎಲ್ಲರ ಎದುರಿಗೇ ಹೇಳಿಬಿಡುತ್ತಿದ್ದೆ. ಎಷ್ಟೋ ಜನ ನನ್ನ ಜೊತೆ ಮಾತು ಬಿಟ್ಟಿದ್ದಾರೆ. "ಊರವರ ಚೀಲಕ್ಕೆಲ್ಲ ಮೂಗು ತೂರಿಸಬೇಡ" ಎಂದು ನಮ್ಮ ಯಜಮಾನರು ಬೈಯುತ್ತಿದ್ದರು. ಆ ಮಾತು ಬೇರೆಯವರಿಗೆ ಬರೀ ಮಾತು, ನನ್ನ ವಿಷಯದಲ್ಲಿ ಅಕ್ಷರಶಃ ನಿಜ.

ಮೂಗಿನ ಈ ವಿದ್ಯೆ ನನಗೆ ಬಂದದ್ದು ಹೊನ್ನೂರಿನ ತವರುಮನೆಯಲ್ಲಿ. ಯಳಂದೂರು ಕಡೆಯ ಭತ್ತದ ಮನೆ ನಮ್ಮದು. ಮೂಟೆ ಕಟ್ಟುವ ಮೊದಲು ಅವ್ವ ಒಂದು ಹಿಡಿ ಭತ್ತ ನನ್ನ ಮುಖದ ಮುಂದೆ ಹಿಡಿದು ಒಣಗಿದೆಯಾ ಎಂದು ಕೇಳುತ್ತಿದ್ದಳು. ಒಣಗಿದ ಭತ್ತಕ್ಕೆ ಬಿಸಿಲಿನ ವಾಸನೆ. ತೇವ ಉಳಿದದ್ದಕ್ಕೆ, ಮಳೆಗಾಲವೆಲ್ಲ ಮೂಲೆಯಲ್ಲಿ ಬಿದ್ದಿದ್ದ ಗೋಣಿಚೀಲವನ್ನು ಬಿಚ್ಚಿದಾಗ ಬರುವ ವಾಸನೆ. ಅದೇ ಮುಗ್ಗಲು. ಬೂಷ್ಟು ಕಣ್ಣಿಗೆ ಕಾಣುವ ಮೊದಲೇ ಅದು ಮೂಗಿಗೆ ಕಾಣುತ್ತದೆ.

ಮದುವೆಯಾಗಿ ಕೊಳ್ಳೇಗಾಲಕ್ಕೆ ಬಂದ ಮೇಲೆ ಆ ವಿದ್ಯೆಯೆಲ್ಲ ಮೆಣಸಿನಕಾಯಿಗೆ ತಿರುಗಿತು. ಅದಕ್ಕೆ ಕಾರಣ ನನ್ನ ಓರಗಿತ್ತಿ, ನನ್ನ ಭಾವನವರ ಹೆಂಡತಿ. ನಾನು ಕರೆಯುವುದು ಅಕ್ಕ ಎಂದೇ. ಅವಳ ಮನೆಗೂ ನಮ್ಮ ಮನೆಗೂ ನಡುವೆ ಒಂದೇ ಗೋಡೆ, ಹಿತ್ತಲು ಒಂದೇ. ಅವಳ ತವರು ಹನೂರಿನ ಕಡೆಯ ಬಂಡಳ್ಳಿ. ಪ್ರತಿ ಬೇಸಿಗೆಯಲ್ಲೂ ಅವಳ ತಮ್ಮ ಒಂದು ಚೀಲ ಒಣಮೆಣಸಿನಕಾಯಿಯನ್ನು ಬಸ್ಸಿನ ಮೇಲೆ ಹಾಕಿಕೊಂಡು ಬರುತ್ತಾನೆ. ಸೀರೆ ಕೊಟ್ಟಿದ್ದರೂ ಅಕ್ಕನಿಗೆ ಅಷ್ಟು ಸಂತೋಷ ಆಗುತ್ತಿರಲಿಲ್ಲ. ಆ ಚೀಲದ ಬಾಯಿಯ ದಾರವನ್ನು ಅವಳೇ ಬಿಚ್ಚಬೇಕು, ಬೇರೆ ಯಾರೂ ಮುಟ್ಟುವ ಹಾಗಿಲ್ಲ. ಅದರಿಂದ ನಾವಿಬ್ಬರೂ ಸೇರಿ ಸಾರಿನ ಪುಡಿ, ಖಾರದ ಪುಡಿ ಮಾಡುತ್ತೇವೆ. ನಮ್ಮ ಎರಡು ಮನೆಗೂ ಆಗಿ, ಬೀದಿಯ ಕೆಲವು ಮನೆಗಳಿಗೂ ವರ್ಷಕ್ಕಾಗುವಷ್ಟು ಆಗುತ್ತದೆ. ತೊಟ್ಟು ಬಿಡಿಸುವುದು, ಹುರಿಯುವುದು ಅಕ್ಕನ ಕೆಲಸ. ಒಳ್ಳೆಯದು ಕೆಟ್ಟದ್ದು ಹೇಳುವುದು ನನ್ನ ಕೆಲಸ. ಕೆಲಸ ಮಾಡುವವಳು ಅವಳು, ಯಜಮಾನಿಕೆ ನನ್ನದು. ಅವಳು ಯಾವತ್ತೂ ಬೇಸರ ಮಾಡಿಕೊಂಡವಳಲ್ಲ.

ಮೆಣಸಿನಕಾಯಿಯನ್ನು ಮಾತ್ರ ಕಣ್ಣಿನಿಂದ ನಂಬಬಾರದು. ಮೇಲೆ ಕೆಂಪಗೆ ಹೊಳೆಯುತ್ತಿರುತ್ತದೆ, ಮುರಿದು ನೋಡಿದರೆ ಬೀಜದ ಸುತ್ತ ಬೂದಿ ಎರಚಿದ ಹಾಗೆ ಬೂಷ್ಟು. ಕೆಲವರು ಅದಕ್ಕೆ ಎಣ್ಣೆ ಸವರಿ ಹೊಳಪು ಬರಿಸಿ ಮಾರುತ್ತಾರೆ. ಕೊಂಡವರು ಚೆನ್ನಾಗಿ ಹುರಿದು, ಒಂದು ಹಿಡಿ ಕೊತ್ತಂಬರಿ ಬೀಜ ಹೆಚ್ಚು ಹಾಕಿ, ವಾಸನೆ ಹೋಯಿತು ಅಂದುಕೊಳ್ಳುತ್ತಾರೆ. ಹುರಿದರೆ ವಾಸನೆ ಅಡಗುತ್ತದೆಯೇ ಹೊರತು ಬೂಷ್ಟಿನ ವಿಷ ಹೋಗುವುದಿಲ್ಲ ಎಂದು ಹೆಂಗಸರ ಸಂಘಕ್ಕೆ ತರಬೇತಿ ಕೊಡಲು ಬಂದಿದ್ದ ಮೇಡಂ ಹೇಳಿದ್ದರು. ಅದಕ್ಕೇ ಹುರಿಯುವ ಮೊದಲೇ ಮೂಗಿನಲ್ಲಿ ಹಿಡಿಯಬೇಕು.

ಕೊರೊನಾ ಬಂದ ವರ್ಷ ನಮ್ಮ ಎರಡು ಮನೆಯವರೂ ಮಲಗಿದೆವು. ದೇವರು ದೊಡ್ಡವನು, ಎಲ್ಲರೂ ಎದ್ದೆವು. ಎಲ್ಲರಿಗೂ ವಾಸನೆ ಹೋಗಿತ್ತು, ಎಲ್ಲರಿಗೂ ಬಂತು. ನನಗೆ ಬರಲಿಲ್ಲ. ಡಾಕ್ಟರು ಬರುತ್ತದೆ ಅಂದರು, ಕಾಯಬೇಕು ಅಂದರು. ನಾನು ಕಾಯುವ ಜಾತಿಯವಳಲ್ಲ. ಬೆಳಿಗ್ಗೆ ಎದ್ದವಳೇ ಕಾಫಿಪುಡಿ ಡಬ್ಬಿಗೆ ಮೂಗು ಇಡುವುದು, ಇಂಗಿನ ಡಬ್ಬಿಗೆ ಇಡುವುದು, ಮಲ್ಲಿಗೆ ಹಂಬಿನ ಬುಡದಲ್ಲಿ ನಿಲ್ಲುವುದು. ಏನೂ ಇಲ್ಲ. ಕಾಫಿ ಅಂದರೆ ಬಿಸಿ ನೀರು. ಸೊಸೈಟಿ ಅಕ್ಕಿಯೂ ಒಂದೇ, ಹೊನ್ನೂರಿನ ಹೊಸ ಅಕ್ಕಿಯೂ ಒಂದೇ.

ಅನ್ನ ರುಚಿಸದಿದ್ದರೆ ಹೋಗಲಿ, ಹೊಟ್ಟೆ ತುಂಬುತ್ತದಲ್ಲ ಅಂದುಕೊಂಡೆ. ನನ್ನನ್ನು ಕೊಂದದ್ದು ಬೇರೆ. ಮೊದಲ ಮಳೆ ಬಿತ್ತು, ನೆಲ ಒದ್ದೆಯಾದದ್ದು ಕಣ್ಣಿಗೆ ಕಂಡಿತು ಅಷ್ಟೇ. ತಂಗಿಯ ಮೊಮ್ಮಗುವನ್ನು ಎತ್ತಿಕೊಂಡು ನೆತ್ತಿ ಮೂಸಿದೆ, ಬಟ್ಟೆಗೊಂಬೆ ಎತ್ತಿಕೊಂಡ ಹಾಗಾಯಿತು. ಬೇಸಿಗೆಯಲ್ಲಿ ಬೀದಿಯಲ್ಲೆಲ್ಲ ಮನೆಮನೆಯೂ ಪುಡಿಗೆ ಹುರಿಯುತ್ತಾರೆ. ಮೊದಲಾದರೆ ಮಲಗಿದ್ದಲ್ಲೇ ಯಾರ ಮನೆಯ ಕೊತ್ತಂಬರಿ ಸೀಯುತ್ತಿದೆ ಎಂದು ಕೂಗಿ ಹೇಳುತ್ತಿದ್ದೆ. ಈಗ ಕಿಟಕಿಯಿಂದ ಹೆಂಗಸರು ಕೆಮ್ಮಿಕೊಂಡು ಹೊರಗೆ ಓಡಿಬರುವುದನ್ನು ನೋಡಿ ತಿಳಿದುಕೊಳ್ಳಬೇಕಾಯಿತು. ನನ್ನದೇ ಮನೆಯಲ್ಲಿ ನೆಂಟರ ಹಾಗೆ ಓಡಾಡುತ್ತಿದ್ದೆ. ಅಳು ಬರುತ್ತಿತ್ತು, ಆದರೆ ವಾಸನೆಗಾಗಿ ಅಳುತ್ತೇನೆ ಅಂದರೆ ನಗುತ್ತಾರೆ ಎಂದು ಸುಮ್ಮನಿದ್ದೆ.

ಆ ಬೇಸಿಗೆಯಲ್ಲೇ ಬಂಡಳ್ಳಿಯ ಚೀಲ ಬಂತು. ಕಾಯಿ ಬಿಡಿಸಿ ಹರವಿದ್ದಾಗಲೇ ಅಲ್ಲಿ ಮಳೆ ಬಿದ್ದಿತ್ತಂತೆ, ಹೇಗೋ ಒಣಗಿಸಿ ತುಂಬಿದ್ದ ಅಕ್ಕನ ತಮ್ಮ. ನಡುಮನೆಯಲ್ಲಿ ಅಕ್ಕ ದಾರ ಬಿಚ್ಚಿದಳು. ಅಭ್ಯಾಸಬಲ, ನಾನು ಕುಕ್ಕರಗಾಲಲ್ಲಿ ಕೂತು ಒಂದು ಕಾಯಿ ಮುರಿದವಳೇ, ಒಳಗೆ ನೋಡದೆ, ಕಣ್ಣು ಮುಚ್ಚಿ ಮೂಗಿಗೆ ಹಿಡಿದೆ.

ಒಂದೇ ಏಟಿಗೆ ನೆತ್ತಿಗೇರಿತು. ಮೂಗಿನ ಹೊಳ್ಳೆ ಉರಿಯಿತು, ಕಣ್ಣಲ್ಲಿ ನೀರು ತುಂಬಿತು, ಸೀನು ಬಂತು. ಮೇಲಿಂದ ಮೇಲೆ ಸೀನಿದೆ. ಸೀನುತ್ತಲೇ ನಗುತ್ತಿದ್ದೆ.

"ಬಂತು ಕಣಕ್ಕಾ! ವಾಸ್ನೆ ಬಂತು!"

"ದಿಟ್ವಾಗ್ಲೂವಾ?" ಎಂದಳು ಅಕ್ಕ.

"ದಿಟ್ವಾಗ್ಲೂ. ಮೆಣ್ಸಿನ್ಕಾಯಿ ವಾಸ್ನೆ ಗಮ್ ಅಂತದೆ. ಬೋ ಚೆನ್ನಾಗದೆ ಕಣಕ್ಕ ಈ ಸಲದ್ ಕಾಯಿ."

ಅಕ್ಕ ಚೀಲದೊಳಕ್ಕೆ ಕೈ ಹಾಕಿದವಳು ಹಾಗೇ ಕೂತಿದ್ದಳು. ಆಮೇಲೆ ನನ್ನ ಮುಖ ನೋಡಿ ನಕ್ಕಳು. "ಅಂಗಾರೆ ಬುಡು, ದೇವ್ರು ಕಣ್ಬುಟ್ಟ" ಎಂದು ಚೀಲದ ಬಾಯಿ ಮಡಚಿದಳು. ನಾನು ಆಗಲೇ ಬೀದಿಗೆ ಓಡಿದ್ದೆ. ಎದುರು ಮನೆಯಲ್ಲಿ ಮಗಳು ಬಾಣಂತನಕ್ಕೆ ಬಂದಿದ್ದಳು, ಅವರ ಮನೆಗೂ ವರ್ಷದ ಪುಡಿ ನಮ್ಮದೇ. ಅವರಿಗೆ ಹೇಳಿದೆ, ಪಕ್ಕದವರಿಗೆ ಹೇಳಿದೆ. ನಮ್ಮ ಯಜಮಾನರು ಜಿಲೇಬಿ ತಂದರು. ಜಿಲೇಬಿಗೆ ವಾಸನೆ ಇರಲಿಲ್ಲ. ಜಿಲೇಬಿಗೆ ಎಂಥ ವಾಸನೆ ಎಂದು ಸಮಾಧಾನ ಮಾಡಿಕೊಂಡೆ. ಆಸೆ ಇದ್ದವರಿಗೆ ಸಮಾಧಾನಕ್ಕೇನು ಬರ.

ಅದೇ ವಾರ ಹೊನ್ನೂರಿನಲ್ಲಿ ತಮ್ಮನ ಮನೆಯಲ್ಲಿ ನಾಮಕರಣ. ನಾನು ಬಂದ ಮೇಲೆ ಇಬ್ಬರೂ ಸೇರಿ ಹುರಿಯೋಣ ಎಂದೆ. ಅಕ್ಕ ಒಪ್ಪಲಿಲ್ಲ.

"ನೀನು ಓಗ್ಬುಟ್ಟು ಬಾ, ನಾನೇ ಎಲ್ಲ ಮಾಡಿ ಮಡಗಿರ್ತೀನಿ. ಈಗ್ತಾನೆ ಬಂದಿರೋ ಮೂಗು, ಮಿಲ್ಲಿನ್ ಧೂಳ್ಗೆ ನಿಂತ್ಕಂಡ್ರೆ ಮತ್ತೆ ಕಟ್ಕತದೆ."

ನನ್ನ ಮೂಗಿನ ಮೇಲೆ ಅವಳಿಗಿರುವ ಕಾಳಜಿ ನೋಡಿ ಖುಷಿಯಾಗಿ ಹೊರಟೆ. ವಾಪಸು ಬರುವಷ್ಟರಲ್ಲಿ ಪುಡಿ ತಯಾರಾಗಿ ಬೀದಿಯ ಮನೆಗಳಿಗೂ ಹೋಗಿತ್ತು. ನಮ್ಮ ಪಾಲಿನ ಡಬ್ಬಿಯ ಮುಚ್ಚಳ ತೆಗೆದು ನೋಡಿದೆ. ಬಣ್ಣ ಕಪ್ಪುಗೆಂಪು. ಬಂಡಳ್ಳಿಯ ಕಾಯಿಯ ಪುಡಿ ಹಾಗೆ ಆಗುವುದಿಲ್ಲ, ಅದು ಇಟ್ಟಿಗೆಪುಡಿಯ ಹಾಗೆ ತಿಳಿಯಾದ ಬಣ್ಣ. ಸ್ವಲ್ಪ ಹೆಚ್ಚು ಹುರಿದಿರಬೇಕು ಅಂದುಕೊಂಡು ಡಬ್ಬಿ ಹಿಡಿದುಕೊಂಡೇ ಹಿತ್ತಲಿಗೆ ಹೋದೆ.

ಅಕ್ಕ ತುಳಸಿಕಟ್ಟೆಯ ಮೇಲೆ ಕೂತು ಫೋನಿನಲ್ಲಿ ತಮ್ಮನ ಜೊತೆ ಮಾತಾಡುತ್ತಿದ್ದಳು. "ಊ ಕಣ್ಲಾ, ಪುಡಿ ಬೋ ಚೆನ್ನಾಗಾಯ್ತು. ನಿನ್ ಕಾಯಿ ಅಂದ್ರೆ ಕೇಳ್ಬೇಕಾ? ಬೀದಿಯೋರೆಲ್ಲ ಒಗುಳುದ್ರು." ಅಷ್ಟು ಹೇಳಿ ತಿರುಗಿದಾಗ ಡಬ್ಬಿ ಹಿಡಿದು ನಿಂತಿದ್ದ ನಾನು ಅವಳ ಕಣ್ಣಿಗೆ ಬಿದ್ದೆ. ಗಡಿಬಿಡಿಯಲ್ಲಿ ಫೋನು ಇಟ್ಟುಬಿಟ್ಟಳು. ಅದನ್ನು ನೋಡಿದ ಮೇಲೆ, ಹೆಚ್ಚು ಹುರಿದದ್ದಕ್ಕೆ ಬಂದ ಬಣ್ಣ ಅಲ್ಲ ಇದು ಅನ್ನಿಸಿತು.

"ಅಕ್ಕ, ಇದು ಬಂಡಳ್ಳಿ ಕಾಯಿ ಅಲ್ಲ."

ಅವಳಿಗೆ ಸುಳ್ಳು ಹೇಳಲು ಬರುವುದಿಲ್ಲ. ಒಂದು ದಿನಕ್ಕೆ ಒಂದೇ ಸುಳ್ಳು, ಅದು ಆಗಲೇ ತಮ್ಮನಿಗೆ ಖರ್ಚಾಗಿತ್ತು.

"ಸಂತೇಲಿ ತಕಂಡು ಮಾಡ್ಸುದೆ" ಎಂದಳು.

"ಅದು?"

ತೆಂಗಿನ ಮರದ ಬುಡದ ಕಡೆ ಕಣ್ಣು ಮಾಡಿದಳು. ಅಲ್ಲಿ ಹೊಸದಾಗಿ ಅಗೆದು ಮುಚ್ಚಿದ ಮಣ್ಣಿತ್ತು. "ಬೂಷ್ಟು ಬಂದಿತ್ತು ಕಣವ್ವ. ದಾರ ಬಿಚ್ಚುದ್ ತಕ್ಷಣ ಮುಗ್ಗಲು ಒಡೀತು. ಕೆಳ್ಗಿಂದ ಮೇಲ್ಗಂಟ ಅಂಗೇ. ಎದ್ರುಮನೇಲಿ ಬಾಣಂತಿ ಅವಳೆ, ಎಂಗ್ ಕೊಡಾದು?"

ನನಗೆ ಮೊದಲು ಬಂದದ್ದು ಸಿಟ್ಟು. ಮೂಗಿನ ತುದಿಯಲ್ಲಿ ನನಗೆ ಉಳಿದಿದ್ದದ್ದು ಅದೊಂದೇ.

"ನನ್ ಮುಂದ್ಗಡೆನೇ ಬಿಚ್ಚುದ್ಯಲ್ಲ, ಆಗ್ಲೇ ಯೋಳಕ್ಕೆ ಏನಾಗಿತ್ತು ನಿಂಗೆ?"

"ಎಂಗ್ಯೋಳ್ಲಿ?" ಎಂದಳು ಅಕ್ಕ. "ಬಂತು ಬಂತು ಅಂತ ನೀನು ಮಗಿನಂಗೆ ಕುಣೀತಿದ್ದೆ. ಬಂದಿಲ್ಲ ಕಣೇ, ಅದು ಬರೀ ಘಾಟು ಅಂತ ಯಾವ್ ಬಾಯಲ್ಲಿ ಯೋಳ್ಲಿ?"

ಘಾಟು ಬೇರೆ, ವಾಸನೆ ಬೇರೆ. ಅದು ನನಗೆ ಗೊತ್ತಿಲ್ಲದ್ದೇನಲ್ಲ. ಘಾಟು ಮೂಗನ್ನು ಸುಡುತ್ತದೆ, ಅದಕ್ಕೆ ವಾಸನೆಯ ಹಂಗಿಲ್ಲ, ಏನೂ ತಿಳಿಯದ ಮೂಗಿಗೂ ಅದು ತಾಗುತ್ತದೆ. ಗಮ್ ಎಂದ ವಾಸನೆ ನನ್ನ ನೆನಪಿನದು, ಚೀಲದ್ದಲ್ಲ. ಮುಗ್ಗಿದ ಕಾಯಿಯನ್ನು ಮೂಗಿಗೆ ಹಿಡಿದುಕೊಂಡು ಚೆನ್ನಾಗಿದೆ ಎಂದು ಬೀದಿಗೆಲ್ಲ ಸಾರಿದ್ದೆ. ಆಗ ಅಕ್ಕ ತವರಿನಿಂದ ಬಂದ ಚೀಲವನ್ನು ಒಬ್ಬಳೇ ಹಿತ್ತಲಿಗೆ ಎಳೆದುಕೊಂಡು ಹೋಗಿ ಮಣ್ಣು ಮುಚ್ಚಿದ್ದಳು. ದಾರ ಬಿಚ್ಚಲೂ ಬೇರೆಯವರಿಗೆ ಬಿಡದ ಚೀಲ ಅದು. ನಾನು ಡಬ್ಬಿ ಕೆಳಗಿಟ್ಟು ಅತ್ತೆ. ಜ್ವರದಲ್ಲಿ ವಾಸನೆ ಹೋದಾಗಲೂ ಅಷ್ಟು ಅತ್ತಿರಲಿಲ್ಲ. ಆಗ ಹೋದದ್ದು ಬರುತ್ತದೆ ಅನ್ನುವ ನಂಬಿಕೆ ಇತ್ತು, ಈ ಸಲ ಅದೂ ಹೋಯಿತು. ಸಮಾಧಾನದ ಮಾತು ಅಕ್ಕನಿಗೆ ಬರುವುದಿಲ್ಲ. ಪಕ್ಕದಲ್ಲಿ ಕೂತು ಡಬ್ಬಿಯ ಮುಚ್ಚಳ ಮುಚ್ಚಿದಳು.

ಇದಾಗಿ ಕೆಲವು ವರ್ಷಗಳಾದವು. ಮೈಸೂರಿನಲ್ಲಿ ತೋರಿಸಿದೆ, ಮೂಗಿಗೆ ಹನಿ ಹಾಕಿಕೊಂಡೆ, ದಿನಾ ಲವಂಗ ಮೂಸು ಅಂದರು, ಮೂಸಿದೆ. ಬಂದಿಲ್ಲ. ಬೀದಿಯವರು ಈಗ ಹಿಡಿ ಅಕ್ಕಿ ತಂದರೆ ಅಕ್ಕನ ಬಾಗಿಲಿಗೆ ಹೋಗುತ್ತಾರೆ. ಹೊಟ್ಟೆಕಿಚ್ಚು ಪಡಲಿಲ್ಲ ಅಂದರೆ ಸುಳ್ಳಾಗುತ್ತದೆ. ಅವಳು ಮೂಸುವುದು ನೋಡಿದರೆ ಸಾಕು ನನ್ನ ಮೈಯೆಲ್ಲ ಉರಿಯುತ್ತದೆ. ಅಷ್ಟು ಒಳ್ಳೆಯ ಮೂಗನ್ನು ಇಷ್ಟು ವರ್ಷ ಅಡಗಿಸಿಟ್ಟುಕೊಂಡು ನನ್ನ ತೀರ್ಪಿಗೆ ತಲೆಯಾಡಿಸಿದಳಲ್ಲ.

ಈ ಬೇಸಿಗೆಯ ಚೀಲ ಚೆನ್ನಾಗಿ ಒಣಗಿ ಬಂತು. ಅಲ್ಲಾಡಿಸಿದರೆ ಬೀಜ ಗಿಲಗಿಲ ಅನ್ನುತ್ತಿತ್ತು. ಅಕ್ಕ ಒಂದು ಕಾಯಿ ಮುರಿದು ಮೂಸಿ "ಚೆನ್ನಾಗದೆ" ಅಂದಳು.

"ಚೆನ್ನಾಗದೆ ಅಂದ್ರೆ ಎಂಗದೆ?" ಎಂದು ಕೇಳಿದೆ.

"ಮೆಣ್ಸಿನ್ಕಾಯಂಗೆ ಅದೆ."

"ಅಷ್ಟು ನಂಗೂ ಗೊತ್ತು. ಬಾಯಿ ಬುಟ್ಟು ಸರ್ಯಾಗ್ ಯೋಳು."

"ಒಳ್ಳೆ ಪೇಚಾಟ ಆಯ್ತಲ್ಲ ನಿಂದು" ಎಂದು ಎದ್ದು ಹೋದಳು. ಸಂಕಟಕ್ಕೆ ಕೇಳುತ್ತಿದ್ದೇನೆ ಎಂದು ಅವಳಿಗೆ ತಿಳಿದಿತ್ತು, ಆದರೆ ವಾಸನೆಗೆ ಮಾತು ಎಲ್ಲಿಂದ ತರುತ್ತಾಳೆ. ಮೂಗು ಚೆನ್ನಾಗಿದ್ದಾಗ ನನ್ನ ಹತ್ತಿರವೂ ಆ ಮಾತು ಇರಲಿಲ್ಲ.

ಮಾರನೆಯ ದಿನ ಹುರಿಯಲು ಕೂತಳು. ಬಾಣಲೆಗೆ ಒಂದು ತೊಟ್ಟು ಹರಳೆಣ್ಣೆ ಬಿಟ್ಟು ಕಾಯಿ ಹಾಕಿದಳು. ಅಡಿಗೆಮನೆಯೆಲ್ಲ ಘಾಟು ತುಂಬಿತು. ನಾನು ಸೆರಗಿನಿಂದ ಮೂಗು ಬಾಯಿ ಮುಚ್ಚಿಕೊಂಡು ಬಾಗಿಲಲ್ಲಿ ನಿಂತೆ. ಕೆಮ್ಮು ಬಂತು, ಕಣ್ಣು ಉರಿಯಿತು. ಕೈಯಾಡಿಸುತ್ತಿದ್ದ ಅಕ್ಕ ನನ್ನನ್ನು ನೋಡಿದಳು, ಏನೂ ಕೇಳಬೇಡ ಅನ್ನುವ ಹಾಗೆ. ನಾನು ಕೇಳಲಿಲ್ಲ.

ಅವಳೇ ಹೇಳಿದಳು. "ನೀನು ಈ ಮನೇಗ್ ಬಂದ್ ವರ್ಸ ನಾವಿಬ್ರೂ ಸೌದೆ ಒಲೇಲಿ ಉರುದ್ವಲ್ಲ, ಮೊದುಲ್ನೇ ಸಲ. ಅತ್ತೆ ಇತ್ಲಿಂದ ಬೋಯ್ತಾ ಇದ್ರು, ನಾವು ಕೆಮ್ಕಂಡು ಕೆಮ್ಕಂಡು ನಗ್ತಿದ್ವಿ. ಅವತ್ತು ಎಂಗಿತ್ತೋ ಅಂಗೇ ಅದೆ ಕಣವ್ವ. ಒಸೀನೂ ಬದ್ಲಾಗಿಲ್ಲ."

ಮೂಗಿಗೆ ಮುಚ್ಚಿಕೊಂಡಿದ್ದ ಸೆರಗನ್ನು ತೆಗೆದು ಒಳಗೆ ಹೋಗಿ, ಅವಳು ಹುರಿದು ಮುಗಿಸುವ ತನಕ ಪಕ್ಕದಲ್ಲಿ ಕೆಮ್ಮುತ್ತಾ ನಿಂತಿದ್ದೆ.