ದಾರಿ ಮಾಡೋದೂ ನಾನೇ, ಬಿಡೋದೂ ನಾನೇ

ಬೆಳಕು ಇನ್ನೂ ಮರಗಳ ತುದಿಯನ್ನಷ್ಟೇ ಮುಟ್ಟಿದೆ. ರಾತ್ರಿ ಬೀಸಿದ ಗಾಳಿಗೆ ಬೆಟ್ಟದ ಕಾಲುದಾರಿಗೆ ಅಡ್ಡಲಾಗಿ ಒಂದು ಮರ ಉರುಳಿದೆ. ಅದರ ಮೇಲೆ ಒಂದು ಕಾಲೂರಿ, ಸೆರಗನ್ನು ಸೊಂಟಕ್ಕೆ ಬಿಗಿದು, ಐವತ್ತು ದಾಟಿದ ಹೆಂಗಸೊಬ್ಬರು ಗರಗಸ ಎಳೆಯುತ್ತಿದ್ದಾರೆ. ಒದ್ದೆ ಮರದ ಹುಡಿ ಅವರ ಪಾದದ ಮೇಲೆ ಬೀಳುತ್ತಿದೆ. ಕೆಳಗಿನಿಂದ ಬೂಟುಗಳ ಸದ್ದು ಕೇಳಿದ್ದೇ ಗರಗಸ ನಿಲ್ಲಿಸಿ ಪಕ್ಕಕ್ಕೆ ಸರಿಯುತ್ತಾರೆ. ಓಟಗಾರರ ಒಂದು ಗುಂಪು ಬರುತ್ತದೆ. ಮುಂದಿದ್ದವನು "ದಾರಿ, ದಾರಿ" ಎನ್ನುತ್ತಾನೆ. ಅರ್ಧ ಕೊಯ್ದ ಮರವನ್ನು ಒಬ್ಬೊಬ್ಬರಾಗಿ ಜಿಗಿದು ಹೋಗುತ್ತಾರೆ. ಯಾರೂ ಅವರತ್ತ ನೋಡುವುದಿಲ್ಲ. ಕೊನೆಯವನು ಮಾತ್ರ ನೋಡುತ್ತಾನೆ, ಅದೂ ತನ್ನ ಕೈಗಡಿಯಾರವನ್ನು.

"ದಾರಿ ಮಾಡೋದೂ ನಾನೇ, ದಾರಿ ಬಿಡೋದೂ ನಾನೇ," ಎಂದು ಹೇಳಿ ಮತ್ತೆ ಗರಗಸ ಹಿಡಿಯುತ್ತಾರೆ. ನಗುತ್ತಾರೋ ಇಲ್ಲವೋ ಹೇಳುವುದು ಕಷ್ಟ.

ಉದ್ಯಾನವನದ ಕೆಲಸಗಾರರೆಲ್ಲ ಇವರನ್ನು ಹಾರೆಯಕ್ಕ ಎಂದೇ ಕರೆಯುತ್ತಾರೆ. ಹಾರೆ ಹೆಗಲ ಮೇಲಿಲ್ಲದೆ ಇವರನ್ನು ಕಂಡವರಿಲ್ಲ. ಸರ್ಕಾರದ ಈ ಉದ್ಯಾನವನದ ಬಾಗಿಲಿನಿಂದ ಬೆಟ್ಟದ ತಲೆಯವರೆಗೆ ಹೋಗುವ ಕಾಲುದಾರಿಯ ಪೂರ್ತಿ ಹೊಣೆ ಇವರದು. ಮಳೆನೀರು ದಾರಿಯನ್ನು ಕೊಚ್ಚದಂತೆ ಅಡ್ಡಗಾಲುವೆ ತೋಡುವುದು, ಸಡಿಲವಾದ ಕಲ್ಲುಮೆಟ್ಟಿಲನ್ನು ಮತ್ತೆ ಕೂರಿಸುವುದು, ಮುಳ್ಳುಕಂಟಿ ಸವರುವುದು, ಬಿದ್ದ ಮರ ತೆಗೆಯುವುದು. ಜೊತೆಗೆ ಓಟಗಾರರು ಶಕ್ತಿಗೆಂದು ಓಡುತ್ತಲೇ ಹೀರಿ ಬಿಸಾಡಿದ ಸಿಹಿಗಂಜಿಯ ಪೊಟ್ಟಣಗಳನ್ನು ಪೊದೆಯಿಂದ ಹೆಕ್ಕುವುದು. ಆ ಪೊಟ್ಟಣಗಳಿಗೆ ಇರುವೆ ಮುತ್ತಿರುತ್ತದೆ. ಒಳ್ಳೆಯ ಗಾಳಿ ಕುಡಿಯಲು ಬಂದವರು ಗಾಳಿ ಕುಡಿದು ಲೋಟ ಇಲ್ಲೇ ಬಿಟ್ಟು ಹೋಗುತ್ತಾರೆ ಎನ್ನುವುದು ಹಾರೆಯಕ್ಕನ ವ್ಯಾಖ್ಯಾನ.

ಇದೇ ದಾರಿಯಲ್ಲಿ ಇವರ ಅಪ್ಪನೂ ಕಲ್ಲು ಹೊತ್ತವರು. ಅಪ್ಪನ ನಂತರ ಅಕ್ಕತಂಗಿ ಇಬ್ಬರೂ ಕೆಲಸಕ್ಕೆ ಸೇರಿದರು. ಅಕ್ಕನ ಗಂಡ ಬೇಗ ತೀರಿಕೊಂಡ, ತಂಗಿ ಮದುವೆಯ ಗೋಜಿಗೇ ಹೋಗಲಿಲ್ಲ. ಉದ್ಯಾನವನದ ಹಿಂಬದಿಯಲ್ಲಿರುವ ಎರಡು ಕೋಣೆಗಳ ತಗಡಿನ ಮನೆಯಲ್ಲಿ ಇಬ್ಬರೂ ಒಟ್ಟಿಗೇ ಇದ್ದಾರೆ. ಬೆಳಗ್ಗೆ ಜೊತೆಯಾಗಿ ಹೊರಟು, ಒಬ್ಬರು ಮೇಲಿನ ಭಾಗ, ಒಬ್ಬರು ಕೆಳಗಿನ ಭಾಗ ಎಂದು ಹಂಚಿಕೊಂಡು, ಮಧ್ಯಾಹ್ನ ಒಂದೇ ಡಬ್ಬಿಯಿಂದ ಉಣ್ಣುತ್ತಿದ್ದರು. ಈಗ ಡಬ್ಬಿ ಮಾತ್ರ ಅಕ್ಕನೊಂದಿಗೆ ಬೆಟ್ಟ ಹತ್ತುತ್ತದೆ.

ಅದು ನಾಲ್ಕು ವರ್ಷದ ಹಿಂದಿನ ಒಂದು ಭಾನುವಾರ. ಬೆಟ್ಟ ಹತ್ತಿ ಇಳಿಯುವ ಓಟದಲ್ಲಿ ಹೆಸರು ಮಾಡಿದ್ದ ಓಟಗಾರನೊಬ್ಬ ಅಂದು ದಾಖಲೆ ಮುರಿಯಲು ಬಂದಿದ್ದ. ಬಾಗಿಲಲ್ಲಿ ಅವನ ಗೆಳೆಯರು ಗಡಿಯಾರ ಹಿಡಿದು ನಿಂತಿದ್ದರು. ಆತ ಇಳಿದು ಬರುವಾಗ ಹಾರೆಯಕ್ಕ ಬೆಟ್ಟದ ಮೇಲಿನ ಭಾಗದಲ್ಲಿ ಕಂಟಿ ಸವರುತ್ತಿದ್ದರು. ಹಿಂದಿನಿಂದ "ದಾರಿ" ಎಂದು ಕೇಳಿತು. ಸರಿದು ನಿಂತರು. ಹಳದಿ ಅಂಗಿಯೊಂದು ಮಿಂಚಿನಂತೆ ಇಳಿದುಹೋಯಿತು.

ಅಲ್ಲಿಂದ ಕೆಳಗೆ ದಾರಿ ಬಂಡೆಯೊಂದನ್ನು ಬಳಸಿ ತಿರುಗುತ್ತದೆ. ಆಗ ಆ ತಿರುವು ಒಬ್ಬರೇ ಹೋಗುವಷ್ಟು ಕಿರಿದಾಗಿತ್ತು. ಒಂದು ಪಕ್ಕ ಬಂಡೆ, ಇನ್ನೊಂದು ಪಕ್ಕ ಇಳಿಜಾರು. ತಂಗಿ ಅಲ್ಲಿ ಬಗ್ಗಿಕೊಂಡು ಕಾಲುವೆಯ ಕೆಸರು ತೆಗೆಯುತ್ತಿದ್ದರು. ಆತ ಬಂಡೆ ತಿರುಗಿದವನೇ ಅವರಿಗೆ ಬಡಿದ. ತಂಗಿ ಇಳಿಜಾರಿನಲ್ಲಿ ಉರುಳಿ, ಮರವೊಂದರ ಬೇರಿಗೆ ಸೊಂಟ ತಗುಲಿ ನಿಂತರು. ಆತ ಎಡವಿದ, ಮಂಡಿಯೂರಿದ, ಎದ್ದ. ಒಮ್ಮೆ ಕೆಳಗೆ ನೋಡಿದ. ತಂಗಿ ಕೂಗಿದರು. ಆಮೇಲೆ ಬೂಟಿನ ಸದ್ದು ದೂರವಾಯಿತು.

ಅಕ್ಕ ಆ ತಿರುವಿಗೆ ಬರುವಷ್ಟರಲ್ಲಿ ಬಿಸಿಲೇರಿತ್ತು. ಮೊದಲು ಕಂಡಿದ್ದು ದಾರಿಯಲ್ಲಿ ಬಿದ್ದಿದ್ದ ಸಲಿಕೆ. ನಂತರ ನರಳಾಟ ಕೇಳಿತು. ಬೇರು ಹಿಡಿದು ಇಳಿದು, ತಂಗಿಯನ್ನು ಬೆನ್ನಿಗೆ ಹಾಕಿಕೊಂಡು, ತಮ್ಮ ಸೀರೆಯ ಸೆರಗಿನಿಂದಲೇ ಬಿಗಿದುಕೊಂಡು ದಾರಿಗೆ ಹತ್ತಿ, ಬಾಗಿಲಿನತ್ತ ಇಳಿದರು. ದಾರಿಯುದ್ದಕ್ಕೂ ಓಟಗಾರರು ಎದುರಾದರು. ಒಬ್ಬಾಕೆ ನೀರಿನ ಬಾಟಲಿ ಕೊಟ್ಟು ಹೋದಳು. ಮತ್ತೊಬ್ಬ ಪಾಪ ಎಂದ. ಹೊರಲು ಕೈ ಜೋಡಿಸಲು ಯಾರೂ ನಿಲ್ಲಲಿಲ್ಲ.

"ಬಾಗಿಲ ಹತ್ರ ಬಂದಾಗ ಚಪ್ಪಾಳೆ ಕೇಳಿಸ್ತು," ಎನ್ನುತ್ತಾರೆ ಹಾರೆಯಕ್ಕ. "ಒಂದು ಕ್ಷಣ, ನಾನು ತಂಗಿನ ಹೊತ್ಕೊಂಡು ಬಂದಿದ್ದಕ್ಕೇ ಹೊಡೀತಿದ್ದಾರೆ ಅಂದ್ಕೊಂಡೆ. ಎಂಥಾ ಪೆದ್ದಿ ನೋಡಿ ನಾನು. ಅವನು ದಾಖಲೆ ಮಾಡಿದ್ದಕ್ಕೆ, ಎಲ್ರೂ ಅಲ್ಲೇ ಕೂತು ತಿಂಡಿ ತಿಂದು, ಮತ್ತೆ ಮತ್ತೆ ಚಪ್ಪಾಳೆ ಹೊಡೀತಿದ್ರು. ಬೆನ್ನ ಮೇಲಿಂದ ತಂಗಿ ನನ್ನ ಕಿವೀಲಿ, ಅಕ್ಕಾ ಇವನೇ ಅಂದ್ಲು. ಅವನು ನಮ್ಮನ್ನ ನೋಡ್ದ. ನೋಡಿ ಬೆನ್ನು ತಿರುಗಿಸ್ದ."

ಆಸ್ಪತ್ರೆಯಲ್ಲಿ ಸೊಂಟಕ್ಕೆ ಕಂಬಿ ಹಾಕಿದರು. ದೂರು ಕೊಡಲು ಹೋದಾಗ ಉದ್ಯಾನವನದ ಮೇಲ್ವಿಚಾರಕರು ಸಾಕ್ಷಿ ಯಾರು ಎಂದು ಕೇಳಿದರು. ಬಂಡೆ, ಮರ, ಬಿದ್ದವಳು, ಇಷ್ಟೇ ಸಾಕ್ಷಿ. ಕೆಲಸ ಮಾಡುವ ಜಾಗದಲ್ಲಿ ಎಚ್ಚರಿಕೆಯ ಫಲಕ ಇಡದಿದ್ದುದು ನಿಮ್ಮದೇ ತಪ್ಪಾಗುತ್ತದೆ ಎಂದೂ ತಿಳಿಸಿದರು. ಅಂಥ ಫಲಕವನ್ನು ಇವರಿಗೆ ಯಾರೂ ಕೊಟ್ಟೇ ಇರಲಿಲ್ಲ. ಕೆಲ ತಿಂಗಳ ನಂತರ, ಬೆಟ್ಟ ಹತ್ತಲಾರದವರಿಗೆ ಬೆಟ್ಟದ ಕೆಲಸ ಹೇಗೆ ಕೊಡುವುದು ಎಂಬ ಪ್ರಶ್ನೆಯೊಂದಿಗೆ ತಂಗಿಯ ಕೆಲಸವೂ ಹೋಯಿತು. ಕೆಳಗಿನ ಭಾಗವೂ ಅಕ್ಕನ ಪಾಲಿಗೆ ಬಂತು. ಗಾಯದ ಮೇಲೆ ಬರೆ ಎಂದರೆ ಇದೇ. ಅದೇ ತಿಂಗಳು ಬಾಗಿಲ ಬಳಿಯ ಹಲಗೆಯಲ್ಲಿ, ಈ ಬೆಟ್ಟವನ್ನು ಅತಿ ಬೇಗ ಹತ್ತಿ ಇಳಿದವನೆಂದು ಆತನ ಹೆಸರನ್ನು ಬಿಳಿ ಅಕ್ಷರದಲ್ಲಿ ಬರೆಸಿದರು. ಹಲಗೆಯ ಧೂಳು ಒರೆಸುವುದೂ ಹಾರೆಯಕ್ಕನ ಕೆಲಸಗಳಲ್ಲಿ ಒಂದು.

ನಾನು ಮನೆಗೆ ಹೋದಾಗ ತಂಗಿ ಕಿಟಕಿಯ ಪಕ್ಕದ ಮಂಚದಲ್ಲಿ ಕೂತು ಯಾರದೋ ಪ್ಯಾಂಟಿನ ಅಂಚು ಹೊಲಿಯುತ್ತಿದ್ದರು. ಎದ್ದು ನಿಲ್ಲಲು ಗೋಡೆ ಬೇಕು, ನಡೆಯಲು ಕೋಲು ಬೇಕು, ನಾಲಿಗೆಗೆ ಮಾತ್ರ ಯಾವ ಆಸರೆಯೂ ಬೇಡ. ಅಕ್ಕ ಹೇಳಲು ಹಿಂಜರಿದ ಉಳಿದ ಕಥೆಯನ್ನು ಅವರೇ ಹೇಳಿದರು.

ಎರಡು ವರ್ಷದ ನಂತರ ಒಂದು ಸಂಜೆ ಆತ ಹಣ್ಣಿನ ಚೀಲ ಹಿಡಿದು ಈ ಮನೆಯ ಬಾಗಿಲಿಗೆ ಬಂದನಂತೆ. ಅಷ್ಟರಲ್ಲಿ ಆತ ಇತರರಿಗೆ ಬೆಟ್ಟದ ಓಟ ಕಲಿಸುವ ಗುರುವಾಗಿದ್ದ. ನಿದ್ದೆ ಬರುತ್ತಿಲ್ಲ ಎಂದ. ಹೆಂಡತಿಗೂ ಹೇಳಿಲ್ಲ ಎಂದ. ಕ್ಷಮಿಸಬೇಕು ಎಂದ. ಅಕ್ಕ ಒಲೆಯ ಮುಂದೆ ಬೆನ್ನು ತಿರುಗಿಸಿಯೇ ಕೂತಿದ್ದರು. ತಂಗಿ ಮಾತ್ರ ಅವನನ್ನು ಸ್ಟೂಲಿನ ಮೇಲೆ ಕೂರಿಸಿ ಚಹಾ ಕೊಡಿಸಿದರು.

"ನಾನು ಒಂದೇ ಮಾತು ಕೇಳ್ದೆ," ಎನ್ನುತ್ತಾರೆ ತಂಗಿ. "ನಾನು ಕೂಗಿದ್ದು ನಿಮಗೆ ಕೇಳಿಸ್ತಾ ಅಂತ. ಕೇಳಿಸ್ಲಿಲ್ಲ ಅಂದ್ಬಿಡಪ್ಪಾ ಅಂತ ಮನಸ್ಸಲ್ಲೇ ಬೇಡ್ಕೋತಿದ್ದೆ. ಅಂದಿದ್ರೆ ಅಲ್ಲಿಗೇ ಮುಗಿಸ್ಬಿಡ್ತಿದ್ದೆ. ಅವನು ಕೇಳಿಸ್ತು ಅಂದ. ಸತ್ಯ ಹೇಳ್ದ, ಪುಣ್ಯಾತ್ಮ. ಆ ಸತ್ಯ ಇಟ್ಕೊಂಡು ನಾನೇನ್ ಮಾಡ್ಲಿ?"

ನನ್ನಿಂದ ಏನಾಗಬೇಕು ಎಂದು ಆತ ಕೇಳಿದಾಗ, ಹಲಗೆಯಿಂದ ನಿಮ್ಮ ಹೆಸರು ತೆಗೆಸಿ, ಅಷ್ಟು ಸಾಕು ಎಂದರಂತೆ ತಂಗಿ. ಆತ ಲೋಟವನ್ನು ಕೆಳಗಿಟ್ಟ. ಅದು ತನ್ನ ಕೈಯಲ್ಲಿಲ್ಲ, ಕಚೇರಿಯವರನ್ನು ಕೇಳಿ ನೋಡುತ್ತೇನೆ ಎಂದು ಎದ್ದ. ಮತ್ತೆ ಬರಲಿಲ್ಲ. ಹಣ್ಣು ಏನು ಮಾಡಿದಿರಿ ಎಂದು ನಾನು ಕೇಳಿದೆ. ಹಣ್ಣೇನು ತಪ್ಪು ಮಾಡಿತ್ತು, ತಿಂದೆವು ಎಂದರು ತಂಗಿ.

ಮೇಲ್ವಿಚಾರಕರನ್ನು ನಾನೇ ಭೇಟಿಯಾಗಿ ವಿಚಾರಿಸಿದೆ. ಹೆಸರು ತೆಗೆಯಿರೆಂದು ಯಾರೂ ತಮ್ಮನ್ನು ಕೇಳಿಲ್ಲ ಎಂದರು. ಕೇಳಿದರೂ ತೆಗೆಯಲು ಬರುವುದಿಲ್ಲ, ಅವನಿಗಿಂತ ಬೇಗ ಓಡಿದವರು ಬಂದಾಗ ಮಾತ್ರ ಹಳೆಯದನ್ನು ಅಳಿಸಿ ಹೊಸ ಹೆಸರು ಬರೆಯುವುದು ನಿಯಮ ಎಂದೂ ಹೇಳಿದರು. ಫೋನಿನಲ್ಲಿ ಸಿಕ್ಕ ಆ ಓಟಗಾರ, ಅದೆಲ್ಲ ಹಳೆಯ ವಿಚಾರ, ಈಗ ಯಾಕೆ ಎಂದು ಮೆಲ್ಲಗೆ ಕೇಳಿದ. ಆ ಮನೆಯಲ್ಲಿ ಅದು ದಿನಾ ಬೆಳಗ್ಗೆ ಗೋಡೆ ಹಿಡಿದು ಏಳುವ ವಿಚಾರ.

ಹಾರೆಯಕ್ಕ ನನ್ನನ್ನು ಆ ತಿರುವಿಗೆ ಕರೆದುಕೊಂಡು ಹೋಗುತ್ತಾರೆ. ಈಗ ಅಲ್ಲಿ ಇಬ್ಬರು ಎದುರುಬದುರಾಗಿ ಸಲೀಸಾಗಿ ದಾಟಬಹುದು. ಇಳಿಜಾರಿನ ಕಡೆಗೆ ಮೊಣಕಾಲೆತ್ತರದ ಕಲ್ಲಿನ ಕಟ್ಟೆಯಿದೆ. ಗಾರೆಯಿಲ್ಲದೆ ಕಲ್ಲಿಗೆ ಕಲ್ಲು ಕಚ್ಚಿ ಕೂತ ಕಟ್ಟೆ. ಯಾರೂ ಹೇಳಲಿಲ್ಲ, ಕೂಲಿ ಕೊಡಲಿಲ್ಲ. ಒಂದು ಇಡೀ ಮಳೆಗಾಲ ಕೆಲಸ ಮುಗಿದ ಮೇಲೆ ಉಳಿದುಕೊಂಡು ಇವರೊಬ್ಬರೇ ಕಟ್ಟಿದ್ದು. ಅಪ್ಪಣೆಯಿಲ್ಲದೆ ಗುಡ್ಡ ಅಗೆದದ್ದಕ್ಕೆ ಮೇಲ್ವಿಚಾರಕರು ಮೊದಲು ಗದರಿದರು, ಆಮೇಲೆ ತಾವೇ ಮಾಡಿಸಿದ್ದೆಂದು ಮೇಲಿನವರಿಗೆ ತೋರಿಸಿದರು.

ತಿರುವು ಅಗಲವಾದದ್ದರಿಂದ ಓಟಗಾರರು ಇಲ್ಲಿ ವೇಗ ತಗ್ಗಿಸುವುದನ್ನೇ ಬಿಟ್ಟಿದ್ದಾರೆ. ನಾವು ನಿಂತಿದ್ದಾಗಲೇ ಇಬ್ಬರು ಕಟ್ಟೆಗೆ ಕೈಯೂರಿ ಹಾರಿದಂತೆ ತಿರುಗಿ ಹೋದರು. ಆ ತಿರುವು ತುಂಬಾ ಚೆನ್ನಾಗಿದೆ, ಸಮಯ ಉಳಿಯುತ್ತದೆ ಎಂದು ಒಬ್ಬ ಇನ್ನೊಬ್ಬನಿಗೆ ಹೇಳಿದ್ದು ಕೇಳಿಸಿತು. ನನ್ನ ಸೊಂಟ ಮುರಿದ ಜಾಗದಲ್ಲಿ ನಮ್ಮಕ್ಕ ರಾಜಮಾರ್ಗ ಮಾಡಿದ್ದಾಳೆ ಎಂದು ತಂಗಿ ಕುಟುಕುತ್ತಲೇ ಇರುತ್ತಾರೆ.

ಅದಕ್ಕೆ ಅಕ್ಕನ ಉತ್ತರ ನನಗೆ ಸಿಕ್ಕಿದ್ದು ಸ್ವಲ್ಪ ಹೊತ್ತಿನ ಮೇಲೆ. ಕೆಳಗಿನಿಂದ ಒಬ್ಬಳೇ ಓಡಿ ಬಂದ ಯುವತಿಯೊಬ್ಬಳು ನಮ್ಮನ್ನು ಕಂಡು ಹೆಜ್ಜೆ ನಿಧಾನಿಸಿ, "ಅಕ್ಕಾ, ತಿಂಡಿ ಆಯ್ತಾ" ಎಂದು ಕೇಳಿ ಮತ್ತೆ ಓಡಿದಳು. ಅವಳು ಆಸ್ಪತ್ರೆಯಲ್ಲಿ ನರ್ಸ್. ಕೆಲಸಕ್ಕೆ ಹೋಗುವ ಮುನ್ನ ಬೆಟ್ಟ ಹತ್ತಿಳಿಯುತ್ತಾಳೆ. ಇವಳ ಓಟ ಹಲಗೆಯ ಮೇಲಿನ ಸಮಯಕ್ಕೆ ಹತ್ತಿರ ಬಂದಿದೆಯೆಂದು ಬಾಗಿಲ ಕಾವಲುಗಾರ ಹಾರೆಯಕ್ಕನಿಗೆ ಹೇಳಿದ್ದಾನೆ. ಅಂದಿನಿಂದ ಇವರು ಬೆಳಗ್ಗೆ ಇನ್ನೂ ಬೇಗ ಹೊರಡುತ್ತಾರೆ. ಅವಳು ಬರುವ ಮೊದಲೇ ದಾರಿಯ ಸಡಿಲ ಕಲ್ಲು ಆರಿಸಿ, ಜಾರುವ ಎಲೆ ಗುಡಿಸಿ ಇಟ್ಟಿರುತ್ತಾರೆ. ತಂಗಿಗೂ ಇದು ಗೊತ್ತಿಲ್ಲ.

ಈ ವಿಷಯವನ್ನೆಲ್ಲ ಆ ನರ್ಸ್‌ಗಾದರೂ ಹೇಳಿದ್ದೀರಾ ಎಂದು ಕೇಳುತ್ತೇನೆ. ಹಾರೆಯಕ್ಕ ಹಾರೆಯನ್ನು ಕಟ್ಟೆಗೆ ಒರಗಿಸಿ, ಅವಳು ಹೋದ ದಾರಿಯನ್ನೇ ನೋಡುತ್ತಾರೆ.

"ಇಲ್ಲ. ಹೇಳಿದ್ರೆ ಅವಳಿಗೆ ಹೊರೆ ಆಗುತ್ತೆ. ಹೊರೆ ಹೊತ್ಕೊಂಡು ಯಾರಿಗೂ ಬೇಗ ಓಡಕ್ಕಾಗಲ್ಲ. ಅವಳು ಸುಮ್ನೆ ಓಡ್ಲಿ. ದಾರಿ ನಾನು ನೋಡ್ಕೋತೀನಿ."