ಮಾಸ್ತರರು ಹೇಳಿ ಕಳಿಸಿದ್ದ ಮಾತು

ಅಫಜಲಪುರದ ಮಾಸ್ತರರು ನಿಮಗೆ ಹೇಳಿ ಕಳಿಸಿದ್ದ ಒಂದು ಮಾತನ್ನು ನಾನು ನಿಮಗೆ ಮುಟ್ಟಿಸಲಿಲ್ಲ. ಆರು ವರ್ಷ ಅದನ್ನು ಬಾಯೊಳಗೇ ಇಟ್ಟುಕೊಂಡು ನಿಮಗೆ ರೊಟ್ಟಿ ಬಡಿದು ಹಾಕಿದೆ. ಈಗ ನೀವಿಲ್ಲ. ಈಗ ಬರೆಯಲು ಕೂತಿದ್ದೇನೆ.

ಮಾಸ್ತರರ ಬಿಳಿ ಕಾರಿನ ಎಂಜಿನ್ ಪೂರ್ತಿ ಹಾಳಾಗಿತ್ತು. ಜೇವರ್ಗಿಯ ನಮ್ಮ ಗ್ಯಾರೇಜಿಗೆ ಅದನ್ನು ಎಳೆದು ತಂದಿದ್ದರು. ಅದೇ ನಮೂನೆಯ ಇನ್ನೊಂದು ಎಂಜಿನ್ ತರಲು ನೀವು ಸೊಲ್ಲಾಪುರಕ್ಕೆ ಹೊರಟಾಗ ಕೀಲಿಯನ್ನು ನನ್ನ ಕೈಗೆ ಕೊಟ್ಟಿರಿ.

"ಜ್ವಾಕಿ. ಮಾಸ್ತರ ಕಡೆ ಇರೂದು ಇದೊಂದ ಕೀಲಿ."

ಗಿರಾಕಿಗಳ ಕೀಲಿಗಳನ್ನು ನೀವು ಎಂದೂ ಗ್ಯಾರೇಜಿನಲ್ಲಿ ಇಡುತ್ತಿರಲಿಲ್ಲ. ಅಡುಗೆಮನೆಯ ಗೋಡೆಗೆ ಸಾಲಾಗಿ ಮೊಳೆ ಹೊಡೆದುಕೊಟ್ಟಿದ್ದಿರಿ, ಅಲ್ಲಿ ನಾನು ತೂಗುಹಾಕುತ್ತಿದ್ದೆ. "ನನ್ನ ಖಜಾನಾ ಇಕೀ ಕೈಯಾಗ ಐತ್ರಿ. ಇಕೀನ್ನ ಕೇಳದ ನಾ ಬಾನೆಟ್ ಸೈತ ಎತ್ತಂಗಿಲ್ಲ," ಎಂದು ಬಂದವರೆದುರು ನಗಾಡುತ್ತಿದ್ದಿರಿ. ನಿಮಗದು ತಮಾಷೆ. ನನಗೆ ಮಾತ್ರ — ಆ ಮೊಳೆಗಳೇ ನಿಮ್ಮ ಕೆಲಸದಲ್ಲಿ ನನ್ನ ಪಾಲು.

ಮರುದಿನ ನೆಲೋಗಿಯಿಂದ ಅವ್ವ ಹೇಳಿ ಕಳಿಸಿದಳು, ತೊಗರಿ ಕಟ್ಟಿಗೆ ಆರಿಸಿಕೊಂಡು ಹೋಗು ಬಾ ಎಂದು. ಒಂದೇ ಕೀಲಿ ಎಂದಿದ್ದಿರಲ್ಲ, ಮೊಳೆಯ ಮೇಲೆ ಬಿಡಲು ಮನಸ್ಸಾಗಲಿಲ್ಲ. ಸೊಂಟಕ್ಕೆ ಸಿಕ್ಕಿಸಿಕೊಂಡು ಹೋದೆ. ಸಂಜೆ ನೋಡಿದರೆ ಕೀಲಿಗೆ ಕಟ್ಟಿದ್ದ ಚರ್ಮದ ಬಿಲ್ಲೆ ಇದೆ, ಕೊಂಡಿ ಬಾಯಿ ಬಿಟ್ಟಿದೆ, ಕೀಲಿ ಇಲ್ಲ. ಎರೆಹೊಲ ಒಣಗಿ ಕೈ ತೂರುವಷ್ಟು ಬಿರುಕು ಬಿಟ್ಟಿತ್ತು. ಮೊಳಕೈವರೆಗೆ ಇಳಿಸಿ ತಡಕಿದೆ. ಎಷ್ಟು ಬಿರುಕು ಅಂತ ತಡಕಲಿ?

ನೀವು ಬೈಯುವವರಲ್ಲ. ಬೈಯುವವರಾಗಿದ್ದರೆ ಹೇಳಿಬಿಡುತ್ತಿದ್ದೆನೇನೋ. ಮೊಳೆಗಳನ್ನು ಕಿತ್ತು ಗ್ಯಾರೇಜಿಗೆ ಒಯ್ದುಬಿಡುತ್ತೀರಿ ಎಂದು ಹೆದರಿದೆ.

ನೀವು ಮರಳುವ ಮೊದಲೇ ಬಸ್ ನಿಲ್ದಾಣದ ಹತ್ತಿರ ಕೂರುವ ಕೀಲಿಯವನನ್ನು ಕರೆತಂದೆ. ಅವನು ಕಾರಿನೊಳಗೆ ಕೂತು, ಅರದಿಂದ ತಿಕ್ಕಿ ತಿಕ್ಕಿ, ಬೀಗಕ್ಕೆ ಹಾಕಿ ನೋಡಿ ನೋಡಿ, ಒಂದು ಕೀಲಿ ಮಾಡಿದ. ಅದೇ ಕಪ್ಪು ತಲೆ, ಅದೇ ಅಳತೆ. ಸಲೀಸಾಗಿ ತಿರುಗಿತು. ಅದನ್ನು ಹಳೆಯ ಬಿಲ್ಲೆಗೆ ಹಾಕಿ ಮೊಳೆಗೆ ತೂಗಿಸಿದೆ.

ನೀವು ಎಂಜಿನ್ ಕೂಡಿಸಿದಿರಿ. ಊದುಬತ್ತಿ ಬೆಳಗಿ ಕೀಲಿ ತಿರುಗಿಸಿದಿರಿ. ಎಂಜಿನ್ ಗರಗರ ತಿರುಗಿತು — ಚಾಲೂ ಆಗಲಿಲ್ಲ.

ನಾಲ್ಕು ದಿನ. ಪೆಟ್ರೋಲು ಬರುತ್ತಿದೆಯೇ ನೋಡಿದಿರಿ. ಪ್ಲಗ್ಗುಗಳನ್ನು ಬಿಚ್ಚಿ ಒರೆಸಿದಿರಿ. ಒಂದೊಂದೇ ವೈರನ್ನು ಬೆರಳಲ್ಲಿ ಹಿಡಿದು ತುದಿಯವರೆಗೆ ಹೋದಿರಿ. ಬೆಲ್ಟನ್ನು ಒಂದು ಹಲ್ಲು ತಪ್ಪಿಸಿ ಕೂಡಿಸಿದೆನೇನೋ ಎಂದು ಮುಂಭಾಗವನ್ನೆಲ್ಲ ಮತ್ತೆ ಬಿಚ್ಚಿದಿರಿ. ಸ್ಕ್ರೂಡ್ರೈವರಿನ ಹಿಡಿಯನ್ನು ಕಿವಿಗೆ ಒತ್ತಿ, ತುದಿಯನ್ನು ಎಂಜಿನ್ನಿಗೆ ತಾಗಿಸಿ, ಕಣ್ಣು ಮುಚ್ಚಿ ಕೇಳುತ್ತಿದ್ದಿರಿ. ನಾನು ಚಹಾ ಹಿಡಿದು ನಿಂತಿರುತ್ತಿದ್ದೆ.

ಮೂರನೆಯ ದಿನ ಒಳಗೆ ಮೀಟರಿನ ಪಕ್ಕ ಮಿಣುಕುತ್ತಿದ್ದ ಸಣ್ಣ ಕೆಂಪು ದೀಪ ನೋಡಿ, ಕೀಲಿಯನ್ನು ಹೊರಗೆ ತೆಗೆದು ತಿರುವಿ ತಿರುವಿ ನೋಡಿದಿರಿ.

"ಮಾಸ್ತರ ಕೊಟ್ಟಿದ್ದ ಕೀಲೀನ ಇದು, ಹೌದಿಲ್ಲ?"

"ಹೌದ್ರಿ. ಮತ್ತ ಮೊಳಿ ಮ್ಯಾಲ ನಾ ಏನ್ ಹೊಸಾ ಕೀಲಿ ಬೆಳಸ್ತೇನೇನು?"

ನಕ್ಕಿರಿ. ಮತ್ತೆ ವೈರುಗಳ ಮೇಲೆ ಬಗ್ಗಿದಿರಿ. ಸರಿಯಾದ ಜಾಗಕ್ಕೇ ಕೈ ಹಾಕಿದ್ದಿರಿ — ಆ ಕೈಯನ್ನು ನಾನು ತೆಗೆಸಿದೆ. ಆಗ ನನಗೆ ಗೊತ್ತಿರಲಿಲ್ಲ ಎನ್ನಬಹುದು. ಕೀಲಿ ಬೇರೆ ಎಂಬುದಂತೂ ಗೊತ್ತಿತ್ತಲ್ಲ.

ನಾಲ್ಕನೆಯ ದಿನ ಮಾಸ್ತರರು ಕಾರನ್ನು ಕಲಬುರಗಿಗೆ ಎಳೆಸಿಕೊಂಡು ಹೋದರು. ಎರಡು ದಿನ ಬಿಟ್ಟು ಅವರ ಫೋನು ಬಂತು. ನೀವು ಅಂದೋಲಾಕ್ಕೆ ಟ್ರ್ಯಾಕ್ಟರ್ ನೋಡಲು ಹೋಗಿದ್ದಿರಿ, ಫೋನು ಮನೆಯಲ್ಲೇ ಮರೆತಿದ್ದಿರಿ.

"ಅಕ್ಕಾರ, ಗಾಡಿ ಚಾಲೂ ಆತ್ರಿ. ಕೀಲಿ ತಲಿಯಾಗ ಒಂದು ಸಣ್ಣ ಚಿಪ್ ಇರ್ತೈತಂತ, ಅದು ಇಲ್ಲದ ಎಂಜಿನ್ ಬರೇ ತಿರಗತೈತಿ, ಹತ್ತಂಗಿಲ್ಲಂತ. ಎಲ್ಲಿ ಅದಲಿ ಬದಲಿ ಆಗಿತ್ತೋ ಏನೋ, ಕಂಪ್ಯೂಟರ್ ಹಚ್ಚಿ ಹೊಸಾದು ಮಾಡಿಕೊಟ್ರು. ಎಂಜಿನ್ ಕೂಡ್ಸಿದ್ದರಾಗ ಏನೂ ತಪ್ಪಿಲ್ಲಂತ ಮಿಸ್ತ್ರಿಗೆ ಹೇಳ್ರಿ. ಪಾಪ, ಭಾಳ ಮನಸಿಗೆ ಹಚ್ಕೊಂಡಿದ್ದ."

"ಹೇಳ್ತೇನ್ರಿ," ಅಂದೆ.

ಸಂಜೆ ಫೋನಿನಲ್ಲಿ ಮಾಸ್ತರರ ಹೆಸರು ನೋಡಿ ನೀವು ಕೇಳಿದಿರಿ, ಏನಾಗಿತ್ತಂತ ಎಂದು. ಚಾಲೂ ಆಯಿತಂತೆ ಅಂದೆ. ಏನಾಗಿತ್ತೋ ಹೇಳಲಿಲ್ಲ ಅಂದೆ. ನೀವು ಬಹಳ ಹೊತ್ತು ಕೈ ತೊಳೆದಿರಿ. ಮಾಸ್ತರರಿಗೆ ಫೋನು ಹಚ್ಚಿ ಕೇಳಲು ನಿಮಗೆ ನಾಚಿಕೆ. ನಾನು ಅದನ್ನೇ ನೆಚ್ಚಿಕೊಂಡಿದ್ದೆ.

ಆಮೇಲೆ ನೀವು ಎಂಜಿನ್ ಇಳಿಸುವ ಕೆಲಸ ಹಿಡಿಯಲಿಲ್ಲ. ಪಂಕ್ಚರ್, ಬ್ರೇಕು, ಹಳೆಯ ಟ್ರ್ಯಾಕ್ಟರುಗಳು. ಒಮ್ಮೆ ನನ್ನನ್ನು ಕರೆದು ಸ್ಕ್ರೂಡ್ರೈವರನ್ನು ನನ್ನ ಕಿವಿಗೆ ಹಿಡಿದಿರಿ. "ನೀ ಕೇಳ್ ನೋಡು. ಸರಿ ಐತೇನು? ನನ್ನ ಕಿವೀ ಮ್ಯಾಲ ನನಗ ಭರೋಸಾ ಉಳದಿಲ್ಲ." ಬರಿಯ ಸದ್ದು ಕೇಳಿಸಿತು ನನಗೆ. ಸರಿ ಇದೆ ಅಂದೆ. ನೀವು ನಂಬಿದಿರಿ — ನಿಮ್ಮ ಕಿವಿಗಿಂತ ನನ್ನ ಮಾತನ್ನು.

ಈಗ ಆ ಸ್ಕ್ರೂಡ್ರೈವರನ್ನು ಅಡುಗೆಮನೆಗೆ ತಂದಿಟ್ಟುಕೊಂಡಿದ್ದೇನೆ. ಹಿಡಿಯ ಮೇಲೆ ನಿಮ್ಮ ಕಿವಿ ಒತ್ತಿ ಒತ್ತಿ ನುಣುಪಾದ ಜಾಗವಿದೆ. ಕೆಲವು ಮಧ್ಯಾಹ್ನ ಅದನ್ನು ಕಿವಿಗೆ ಇಟ್ಟುಕೊಳ್ಳುತ್ತೇನೆ. ತುದಿಯನ್ನು ಎಲ್ಲಿಗೆ ತಾಗಿಸಲಿ ಎಂದು ಮಾತ್ರ —

ನೀವು ಹೋದ ಐದನೆಯ ದಿನ ಮಾಸ್ತರರು ಮಾತಾಡಿಸಲು ಬಂದಿದ್ದರು. ಅದೇ ಬಿಳಿ ಕಾರು, ಅದೇ ಎಂಜಿನ್, ಬಾಗಿಲಲ್ಲಿ ಬಂದು ನಿಂತಿತು. ಹೊರಡುವಾಗ ಕೇಳಿದರು, "ಅವತ್ತ ನಾ ಹೇಳಿ ಕಳಿಸಿದ್ದು ಕೇಳಿ ಮಿಸ್ತ್ರಿ ನಕ್ಕಿದ್ರೇನ್ರಿ ಅಕ್ಕಾರ?"

"ಹೂಂ ರಿ. ಭಾಳ ನಕ್ಕರು."

ನೀವು ಇಲ್ಲದ ಮೇಲೂ ನಿಮ್ಮ ಹೆಸರಿನಲ್ಲಿ ಸುಳ್ಳು ಹೇಳಿದೆ. ಆ ನಗು ಇರಬೇಕಿತ್ತು. ಅದು ಹೇಗಿರುತ್ತಿತ್ತು ಎಂದು ನನಗೆ ಚೆನ್ನಾಗಿ ಗೊತ್ತು, ತಲೆ ಹಿಂದಕ್ಕೆ ಹಾಕಿ, ಮಸಿಗೈಯಿಂದಲೇ ಕಣ್ಣು ಒರೆಸಿಕೊಂಡು. ಆ ನಗು ಬೇಕು ನನಗೆ. ಅದನ್ನು ಬರದಂತೆ ಮಾಡಿದವಳು ನಾನೇ.

ನಾಳೆ ಅಫಜಲಪುರದ ಬಸ್ಸು ಹತ್ತುತ್ತೇನೆ. ನೀವು ನಗಲಿಲ್ಲ ಎಂದು ಮಾಸ್ತರರಿಗೆ ಹೇಳುತ್ತೇನೆ, ಯಾಕೆ ಎಂದೂ ಹೇಳುತ್ತೇನೆ. ಅದಕ್ಕೂ ಮೊದಲು ನಿಮಗೆ ಹೇಳಬೇಕು.

ರೀ, ಮಾಸ್ತರ ಫೋನ್ ಬಂದಿತ್ರಿ. ಎಂಜಿನ್ ಕೂಡ್ಸಿದ್ದರಾಗ ನಿಮ್ದೇನೂ ತಪ್ಪಿಲ್ಲಂತ.